ಬುಕ್‌ಶೆಲ್ಫ್ ಸ್ಪೀಕರ್
ಬುಕ್‌ಶೆಲ್ಫ್ ಸ್ಪೀಕರ್ ಎಂಬುದು ಮೇಜು, ಕಪಾಟು ಅಥವಾ ಪ್ರತ್ಯೇಕ ಸ್ಟ್ಯಾಂಡಿನ ಮೇಲೆ ಇಡಬಹುದಾದ ಚಿಕ್ಕ ಗಾತ್ರದ ಧ್ವನಿವರ್ಧಕ. ಸ್ಟೀರಿಯೋ ಸಂಗೀತವನ್ನು ಆಲಿಸಲು ಇವನ್ನು ಜೋಡಿಯಾಗಿ ಬಳಸುತ್ತಾರೆ. ಸಾಮಾನ್ಯವಾಗಿ ಪ್ರತಿ ಪೆಟ್ಟಿಗೆಯಲ್ಲಿ ತಗ್ಗು ಹಾಗೂ ಮಧ್ಯಮ ಸ್ವರಗಳಿಗೆ ಒಂದು ವೂಫರ್, ಮೇಲಿನ ಸ್ವರಗಳಿಗೆ ಒಂದು ಟ್ವೀಟರ್ ಮತ್ತು ಇವೆರಡಕ್ಕೂ ಸ್ವರಗಳನ್ನು ವಿಂಗಡಿಸಿಕೊಡುವ ಕ್ರಾಸ್‌ಓವರ್ ವಿದ್ಯುನ್ಮಂಡಲ ಇರುತ್ತವೆ. ಹೆಸರು ಹೀಗಿದ್ದರೂ, ಪುಸ್ತಕಗಳ ನಡುವೆ ತುರುಕಿದಾಗ ಇವುಗಳಲ್ಲಿ ಹೆಚ್ಚಿನವುಗಳ ಧ್ವನಿ ಕೆಡುತ್ತದೆ.

ಹಿನ್ನೆಲೆ

ತಗ್ಗು ಸ್ವರಗಳಿಗೆ ದೊಡ್ಡ ಪೆಟ್ಟಿಗೆ ಅನಿವಾರ್ಯವೆಂಬ ನಂಬಿಕೆಯನ್ನು ಅಮೆರಿಕದ ಎಡ್ಗರ್ ವಿಲ್ಚೂರ್ ಅವರು 1954ರಲ್ಲಿ ಬಂದ ಎಆರ್-1 ಸ್ಪೀಕರಿನ ಮೂಲಕ ಅಲ್ಲಗಳೆದರು. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ವೂಫರಿಗೆ ಸ್ಪ್ರಿಂಗಿನಂತೆ ವರ್ತಿಸುವುದು ಅದರ ತತ್ತ್ವ.

ಸಣ್ಣ ಜಾಗಕ್ಕೆಂದೇ ರೂಪುಗೊಂಡ ಸ್ಪೀಕರಿಗೆ ಬಿಬಿಸಿಯ ಎಲ್‌ಎಸ್3/5ಎ ಉತ್ತಮ ನಿದರ್ಶನ. ಹೊರಾಂಗಣ ಪ್ರಸಾರದ ವಾಹನಗಳ ಇಕ್ಕಟ್ಟಿನಲ್ಲಿ ಧ್ವನಿಯ ಗುಣಮಟ್ಟವನ್ನು ಪರೀಕ್ಷಿಸಲು ಇದನ್ನು 1970ರ ದಶಕದ ಆದಿಭಾಗದಲ್ಲಿ ಸಿದ್ಧಪಡಿಸಲಾಯಿತು. ಸುಮಾರು 30 ಸೆಂ.ಮೀ. ಎತ್ತರ, 5 ಲೀಟರಿನಷ್ಟು ಒಳಾವಕಾಶ, ಕೆಇಎಫ್ ಸಂಸ್ಥೆಯ ಬಿ110 ವೂಫರ್ ಮತ್ತು ಟಿ27 ಟ್ವೀಟರ್ ಇದರ ಲಕ್ಷಣಗಳು. ಟ್ವೀಟರಿನ ಸುತ್ತ ಅಂಟಿಸಿದ ಫೆಲ್ಟ್ ಬಟ್ಟೆಯು ಪೆಟ್ಟಿಗೆಯ ಅಂಚುಗಳಿಂದಾಗುವ ಪ್ರತಿಫಲನವನ್ನು ತಗ್ಗಿಸುತ್ತದೆ. ಆಳವಾದ ಸ್ವರಗಳನ್ನು ಇದು ನುಡಿಸಲಾರದು, ಗಟ್ಟಿಯಾಗಿಯೂ ನುಡಿಯದು. ಆದರೆ ಮನುಷ್ಯಕಂಠವನ್ನು ಸಹಜವಾಗಿ ಕೇಳಿಸುವುದರಿಂದ ಮನೆಗಳಲ್ಲಿಯೂ ಪ್ರಿಯವಾಯಿತು. ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮೊದಲಾದ ಸಂಸ್ಥೆಗಳು ಪರವಾನಗಿ ಪಡೆದು ಇದನ್ನು ತಯಾರಿಸಿದವು.

ಕೋಣೆಯ ಪ್ರಭಾವ

ಸ್ಪೀಕರನ್ನು ಕೊಳ್ಳುವವರು ಮೊದಲು ಅಳೆಯಬೇಕಾದುದು ತಮ್ಮ ಕೋಣೆಯನ್ನು. ಎದುರುಬದುರು ಗೋಡೆಗಳ ನಡುವೆ ಧ್ವನಿಯು ಸ್ಥಾಯೀ ತರಂಗಗಳನ್ನುಂಟುಮಾಡುತ್ತದೆ. ಇವುಗಳಲ್ಲಿ ಮೊದಲನೆಯದರ ಆವೃತ್ತಿ, ಧ್ವನಿವೇಗವನ್ನು (ಸೆಕೆಂಡಿಗೆ ಸುಮಾರು 343 ಮೀಟರ್) ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದಷ್ಟು. ಹತ್ತಕ್ಕೆ ಹನ್ನೆರಡಡಿಯ, ಹತ್ತಡಿ ಎತ್ತರದ ಕೋಣೆಯನ್ನು ತೆಗೆದುಕೊಂಡರೆ, ಉದ್ದದ ದಿಕ್ಕಿನಲ್ಲಿ ಸುಮಾರು 47 ಹರ್ಟ್ಸ್, ಅಗಲ ಮತ್ತು ಎತ್ತರ ಎರಡೂ ದಿಕ್ಕುಗಳಲ್ಲಿ 56 ಹರ್ಟ್ಸ್ ದೊರೆಯುತ್ತದೆ. ಅಗಲ, ಎತ್ತರಗಳು ಸಮವಾದುದರಿಂದ ಒಂದೇ ಆವೃತ್ತಿಯಲ್ಲಿ ಎರಡು ತರಂಗಗಳು ಕೂಡಿಕೊಳ್ಳುತ್ತವೆ. ಬೇಸ್ ಗಿಟಾರಿನ ಎ ತಂತಿಯ ಆವೃತ್ತಿ 55 ಹರ್ಟ್ಸ್. ಅದನ್ನು ಮೀಟಿದಾಗ ಆ ಸ್ವರವೊಂದೇ ಗುಂಯ್‌ಗುಟ್ಟಿ ಪಕ್ಕದ ಸ್ವರಗಳನ್ನು ನುಂಗಿಹಾಕಬಹುದು. ಇಂತಹ ಕೋಣೆಯಲ್ಲಿ ಆಳವಾದ ಬೇಸ್ ಉಳ್ಳ ದುಬಾರಿ ಸ್ಪೀಕರ್ ಹಲವೊಮ್ಮೆ ಹಣ ಕೊಟ್ಟು ತಂದ ಉಪದ್ರವವೇ ಸರಿ.

ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ತಗ್ಗು ಸ್ವರಗಳು ಆಕ್ಟೇವ್‌ಗೆ 12 ಡೆಸಿಬೆಲ್‌ನಂತೆ ನಿಧಾನವಾಗಿ ಇಳಿಯುತ್ತವೆ; ಗೋಡೆಯ ಸಾಮೀಪ್ಯವು ಆ ಕೊರತೆಯನ್ನು ಒಂದಷ್ಟು ತುಂಬಿಕೊಡುತ್ತದೆ. ಗಾಳಿ ಹೊರಬರಲು ರಂಧ್ರವಿರುವ ಪೆಟ್ಟಿಗೆಯಲ್ಲಿ ಬೇಸ್ ಇನ್ನೂ ಕೆಳಗಿನವರೆಗೆ ಸಿಕ್ಕಿದರೂ, ಅನಂತರದ ಇಳಿತ 24 ಡೆಸಿಬೆಲ್‌ನಷ್ಟು ಕಡಿದು. ರಂಧ್ರ ಹಿಂಬದಿಯಲ್ಲಿದ್ದರೆ ಗೋಡೆಯಿಂದ ದೂರವಿಡಬೇಕಾಗುತ್ತದೆ. ಜಾಗವಿಲ್ಲದವರು ಮುಚ್ಚಿದ ಪೆಟ್ಟಿಗೆಯನ್ನೋ, ಮುಂಬದಿಯ ರಂಧ್ರವುಳ್ಳದ್ದನ್ನೋ ಆರಿಸುವುದು ಮೇಲು.

ಎರಡು ಸ್ಪೀಕರುಗಳು ಹಾಗೂ ಕೇಳುಗ ಸಮಬಾಹು ತ್ರಿಭುಜದ ಮೂರು ಮೂಲೆಗಳಲ್ಲಿರಬೇಕು. ಟ್ವೀಟರ್ ಕಿವಿಯ ಎತ್ತರದಲ್ಲಿರಬೇಕು. ಕೋಣೆಯ ನಟ್ಟನಡುವೆ ಕುಳಿತವರಿಗೆ ಮೊದಲ ಸ್ಥಾಯೀ ತರಂಗದ ಸ್ವರ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಗೋಡೆಗೆ ಒರಗಿದವರಿಗೆ ಅದೇ ಸ್ವರ ಅತಿಯಾಗುತ್ತದೆ. ಸಿಮೆಂಟಿನ ಬೋಳು ಗೋಡೆ ಮತ್ತು ನುಣುಪಾದ ನೆಲವಿದ್ದಲ್ಲಿ ಜಮಖಾನೆ, ದಪ್ಪ ಪರದೆಗಳು ಮೇಲಿನ ಸ್ವರಗಳ ಕರ್ಕಶತೆಯನ್ನು ತಗ್ಗಿಸುತ್ತವೆ, ಬೇಸ್‌ನ ಗುಂಯ್‌ಗುಡುವಿಕೆಯನ್ನಲ್ಲ.

ಕೊಳ್ಳುವಾಗ

ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟ್ ಸಂಖ್ಯೆ ಸ್ಪೀಕರ್ ಎಷ್ಟು ಗಟ್ಟಿಯಾಗಿ ನುಡಿಯುತ್ತದೆಂದು ತಿಳಿಸುವುದಿಲ್ಲ. ಅದನ್ನು ತಿಳಿಸುವುದು ಸಂವೇದನಶೀಲತೆ: 82 ಡೆಸಿಬೆಲ್‌ನ ಸ್ಪೀಕರಿಗೆ 85 ಡೆಸಿಬೆಲ್‌ನದಕ್ಕಿಂತ ಎರಡರಷ್ಟು ವಿದ್ಯುಚ್ಛಕ್ತಿ ಬೇಕು. 4 ಓಮ್‌ನ ಸ್ಪೀಕರನ್ನು ತಾಳಬಲ್ಲುದೇ ಎಂದು ಆಂಪ್ಲಿಫೈಯರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ಎರಡು ಜೋಡಿಗಳನ್ನು ಹೋಲಿಸುವಾಗ ಧ್ವನಿಯ ಮಟ್ಟವನ್ನು ಸಮಗೊಳಿಸದಿದ್ದರೆ, ಗಟ್ಟಿಯಾಗಿ ನುಡಿಯುವುದೇ ಉತ್ತಮವೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಪರಿಚಿತ ಕಂಠದ ಧ್ವನಿಮುದ್ರಣವನ್ನು ಒಯ್ದು ಕೇಳುವುದು ಒಳ್ಳೆಯದು. ಸಾಧ್ಯವಿದ್ದಲ್ಲಿ ಹಿಂತಿರುಗಿಸುವ ಷರತ್ತಿನ ಮೇಲೆ ಮನೆಗೆ ತಂದು ಪರೀಕ್ಷಿಸುವುದು ಅದಕ್ಕಿಂತಲೂ ಒಳ್ಳೆಯದು.