ಒಂದು ಕಣಜ, ಹಲವು ಕಣಗಳು

ಗಣಕಯಂತ್ರದಲ್ಲಿ ಬರೆಯುವವರ ಫೋಲ್ಡರುಗಳನ್ನು ತೆರೆದು ನೋಡಿದರೆ ಒಂದೇ ಬರಹದ ‘ಕೊನೆಯ ಪ್ರತಿ’, ‘ನಿಜವಾದ ಕೊನೆಯ ಪ್ರತಿ’, ‘ಇದೇ ಕೊನೆಯದು’ ಎಂಬ ಮೂರು ಅವತಾರಗಳು ಕಾಣುವುದುಂಟು. ನಾನೂ ಈ ಪಂಗಡದವನೇ. ಗೆಳೆಯರು ಕೂಡಿ ಸುತ್ತಿನ ಹಳ್ಳಿಗಳ ಗಾದೆಗಳನ್ನು ಸಂಗ್ರಹಿಸುತ್ತಿದ್ದಾಗ, ಹೊಸ ಪ್ರತಿಯ ಮೇಲೆ ಹಳೆಯದನ್ನು ನಕಲು ಮಾಡಿ, ಎರಡು ಸಂಜೆಗಳ ದುಡಿಮೆಯನ್ನು ಕೈಯಾರೆ ಅಳಿಸಿಬಿಟ್ಟೆನು. ಗಾದೆಗಳನ್ನು ಹೇಳಿದ್ದ ಅಜ್ಜಿಯ ಬಳಿಗೆ ಪುನಃ ಹೋದರೆ, ಆಕೆಗೆ ಅರ್ಧದಷ್ಟು ನೆನಪಾಗಲಿಲ್ಲ.

ನಾವು ‘ಗಿಟ್’ಗೆ ಶರಣಾದುದು ಆಮೇಲೆಯೇ. ಲಿನಕ್ಸ್ ಕರ್ನಲ್ಲಿನ ಕೆಲಸಕ್ಕೆಂದು ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಈ ಸಾಧನವು, ನಾವು ‘ಕಮಿಟ್’ ಮಾಡಿದಾಗಲೆಲ್ಲ ಬರಹದ ಆ ಹಂತವನ್ನು ಒಂದು ಭಂಡಾರದಲ್ಲಿ ಜೋಪಾನವಾಗಿಡುತ್ತದೆ. ಒಂದೇ ಕೃತಿಯು ಬೇರೆ ಬೇರೆ ದಾರಿಗಳಲ್ಲಿ ಬೆಳೆಯುವುದಾದರೆ ಆ ಒಂದೊಂದು ದಾರಿಗೂ ‘ಬ್ರಾಂಚ್’, ಎಂದರೆ ಕವಲು, ಎಂದು ಹೆಸರು.

ಇಲ್ಲಿಯೂ ಒಂದು ತೊಡಕುಂಟು. ಸಾಮಾನ್ಯವಾಗಿ ಭಂಡಾರಕ್ಕೆ ಕೆಲಸದ ಫೋಲ್ಡರು ಒಂದೇ. ಹೊಸ ಅಧ್ಯಾಯವು ಅರ್ಧವಾಗಿರುವಾಗ, ಅಚ್ಚಿಗೆ ಕೊಟ್ಟ ಪ್ರತಿಯಲ್ಲಿ ತಪ್ಪಿದೆಯೆಂದು ಅಧ್ಯಾಪಕರು ಹೇಳಿ ಕಳುಹಿಸಿದರೆ, ಹರಡಿದುದನ್ನೆಲ್ಲ ‘ಸ್ಟ್ಯಾಶ್’ ಎಂಬ ಮೂಲೆಗೆ ಒತ್ತರಿಸಿ ಕವಲು ಬದಲಿಸಬೇಕು. ಭಂಡಾರವನ್ನೇ ಇನ್ನೊಮ್ಮೆ ನಕಲು ಮಾಡಿಕೊಂಡರೆ, ಎರಡು ಭಂಡಾರಗಳನ್ನು ಸರಿದೂಗಿಸುವ ಹೊಸ ತಲೆನೋವು.

2015ರ ಜುಲೈಯಲ್ಲಿ ಹೊರಬಂದ ಗಿಟ್ 2.5ರಲ್ಲಿ ಇದಕ್ಕೆ ‘ವರ್ಕ್‌ಟ್ರೀ’ ಎಂಬ ಪರಿಹಾರ ದೊರೆಯಿತು. ಒಕ್ಕಲುಮನೆಯಲ್ಲಿ ಒಂದು ಕಣದಲ್ಲಿ ರಾಗಿ, ಇನ್ನೊಂದರಲ್ಲಿ ಹುರುಳಿ ಒಕ್ಕಿದರೂ ಎರಡೂ ಒಂದೇ ಮನೆಯ ಕಣಜಕ್ಕೆ ಸೇರುವಂತೆ, ಇದರ ಏರ್ಪಾಡು. ‘ಗಿಟ್ ವರ್ಕ್‌ಟ್ರೀ ಆ್ಯಡ್’ ಎಂದು ಬರೆದು, ಮುಂದೆ ಹೊಸ ಫೋಲ್ಡರಿನ ದಾರಿಯನ್ನೂ ಕವಲಿನ ಹೆಸರನ್ನೂ ಕೊಟ್ಟರೆ, ಆ ಕವಲಿನ ಕಡತಗಳು ಅಲ್ಲಿ ಬಂದು ಕೂರುತ್ತವೆ. ಮೊದಲಿನ ಫೋಲ್ಡರಿನ ಅರ್ಧಂಬರ್ಧ ಕೆಲಸ ಇದ್ದಲ್ಲಿಯೇ ಇರುತ್ತದೆ. ಮೂಲ ಫೋಲ್ಡರಿನೊಳಗಿನ ‘.ಗಿಟ್’ ಎಂಬುದು ಇಡೀ ಉಗ್ರಾಣ. ಹೊಸದರಲ್ಲಿ ಅದೇ ಹೆಸರಿನದು ಉಗ್ರಾಣದ ದಾರಿ ಹೇಳುವ ಒಂದು ಸಾಲಿನ ಚೀಟಿ ಮಾತ್ರ. ಆದುದರಿಂದ ಇತಿಹಾಸವೆಲ್ಲ ಎರಡೆರಡು ಸಲ ಶೇಖರವಾಗುವುದಿಲ್ಲ. ಇಲ್ಲಿ ಮಾಡಿದ ಕಮಿಟ್ ಅಲ್ಲಿಂದಲೂ ಕೂಡಲೇ ಕಾಣುತ್ತದೆ.

ಒಂದೇ ಕವಲನ್ನು ಎರಡು ಫೋಲ್ಡರುಗಳಲ್ಲಿ ತೆರೆಯಹೋದರೆ ಗಿಟ್ ಒಪ್ಪುವುದಿಲ್ಲ. ಮೊದಲು ನನಗೆ ಇದು ಹಟವೆನಿಸಿತ್ತು. ಆದರೆ ಒಂದು ಕಡೆ ಕಮಿಟ್ ಮಾಡಿದೊಡನೆ ಕವಲಿನ ತುದಿ ಮುಂದಕ್ಕೆ ಸರಿಯುವುದು. ಇನ್ನೊಂದು ಕಡೆಯ ಕಡತಗಳು ಹಿಂದೆಯೇ ಉಳಿದು, ಹೊಸ ತಿದ್ದುಪಡಿಯನ್ನೇ ಅಳಿಸಿಹಾಕಿದಂತೆ ತೋರುವುವು. ನನ್ನ ಎರಡು ಸಂಜೆಗಳನ್ನು ನುಂಗಿದುದೂ ಇಂಥ ಗೊಂದಲವೇ ಅಲ್ಲವೆ?

ಕೆಲಸ ಮುಗಿದ ಫೋಲ್ಡರನ್ನು ‘ಗಿಟ್ ವರ್ಕ್‌ಟ್ರೀ ರಿಮೂವ್’ ಎಂದು ತೆಗೆಯಬೇಕು. ಕಮಿಟ್ ಆಗದ ತಿದ್ದುಪಡಿಯಿದ್ದರೆ ಅದು ತಡೆಯುತ್ತದೆ. ಕೈಯಿಂದಲೇ ಅಳಿಸಿದವರು ‘ಪ್ರೂನ್’ ಹೇಳಿ ಹಳೆಯ ಗುರುತನ್ನು ಒರೆಸಬಹುದು. ಫೋಲ್ಡರು ಎಷ್ಟಿದ್ದರೂ ಭಂಡಾರ ಒಂದೇ ಆದುದರಿಂದ, ಬೇರೊಂದು ಯಂತ್ರದಲ್ಲಿ ಅದರ ಪ್ರತಿಯಿಡುವುದು ತಪ್ಪಿದ್ದಲ್ಲ.

ಈಗ ‘ಗಿಟ್ ವರ್ಕ್‌ಟ್ರೀ ಲಿಸ್ಟ್’ ಎಂದರೆ ನಮ್ಮಲ್ಲಿ ಮೂರು ಫೋಲ್ಡರುಗಳು ಕಾಣುತ್ತವೆ: ಅಚ್ಚಿನ ಪ್ರತಿ, ಹೊಸ ಅಧ್ಯಾಯ, ಮತ್ತು ಅಜ್ಜಿಗೆ ಆಗಾಗ ಒಂದೊಂದಾಗಿ ನೆನಪಾಗುವ ಗಾದೆಗಳಿಗಾಗಿ ತೆರೆದಿಟ್ಟುದು.