ಡಿಸ್ಕ್ ನಿಮ್ಮದು, ಆಟ ಯಾರದು?

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಅಂಗಡಿ. ಮೊಬೈಲ್ ಕವರು, ಚಾರ್ಜರುಗಳ ನಡುವೆ ಗಾಜಿನ ಕಪಾಟಿನಲ್ಲಿ ಹಳೇ ಗೇಮ್ ಡಿಸ್ಕ್‌ಗಳ ಸಾಲು. ಈಚೆಗೊಂದು ಸಂಜೆ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ತಾನು ಆಡಿ ಮುಗಿಸಿದ ಆಟದ ಡಿಸ್ಕನ್ನು ತಂದು ಕೌಂಟರ್ ಮೇಲಿಟ್ಟ. ಅಂಗಡಿಯವರು ಅದನ್ನು ಅಂಚಿನಲ್ಲಿ ಹಿಡಿದು, ಟ್ಯೂಬ್‌ಲೈಟಿನ ಬೆಳಕಿಗೆ ಓರೆ ಮಾಡಿ, ಗೀರು ಎಷ್ಟಿವೆ ಎಂದು ನೋಡಿ ಒಂದು ಬೆಲೆ ಹೇಳಿದರು. ಜೊತೆಗೆ ಬಂದಿದ್ದ ಗೆಳೆಯ ಅದೇ ಡಿಸ್ಕ್ ತನಗೆ ಬೇಕೆಂದ. ಅವನ ಬಳಿ ಇರುವ ಕನ್ಸೋಲ್ ಯಾವುದೆಂದು ಕೇಳಿ ತಿಳಿದ ಅಂಗಡಿಯವರು ನಕ್ಕು ಹೇಳಿದರು: "ತಮ್ಮಾ, ನಿಂದರಾಗ ಡಿಸ್ಕ್ ಹಾಕಾಕ ಜಾಗಾನ ಇಲ್ಲಲ್ಲೋ."

ಆ ಗೆಳೆಯ ಬಿಡಲಿಲ್ಲ. "ಅಣ್ಣಾ, ಆ ರೂಲ್ಸ್ ಎಲ್ಲಾ 2013ರಾಗ ತಗದಾರಲ್ರೀ? ಜನ ಬೈದ ಮ್ಯಾಲೆ ಕಂಪನಿ ಸೋತು ವಾಪಸ್ ತಗೊಂಡೈತಿ."

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಕನ್ಸೋಲಿಗೆ ಹಾಕಹೊರಟಿದ್ದ ಕಟ್ಟುಪಾಡುಗಳನ್ನು ಆಟಗಾರರ ಸಿಟ್ಟಿನ ನಡುವೆ ಕೈಬಿಟ್ಟದ್ದು ನಿಜ. ಆದರೆ ಅಲ್ಲಿ ಏನು ಗೆದ್ದೆವು, ಏನು ಉಳಿದುಹೋಯಿತು ಎಂಬ ಬಗ್ಗೆ ಇಂದಿಗೂ ತಪ್ಪು ತಿಳಿವಳಿಕೆ ಹರಡಿದೆ. ಆ ತಪ್ಪು ತಿಳಿವಳಿಕೆಯಿಂದಲೇ ಹುಡುಗರು ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಹಳೇ ಆಟ ಮಾರುವುದನ್ನು ಕಂಪನಿ ಪೂರ್ತಿ ನಿಷೇಧಿಸಿತ್ತು

ಸತ್ಯ: ನಿಷೇಧಿಸಿರಲಿಲ್ಲ, ಬೇಲಿ ಹಾಕಿತ್ತು. ಎಕ್ಸ್‌ಬಾಕ್ಸ್ ಒನ್ ಮೊದಲು ಪ್ರಕಟವಾದದ್ದು 2013ರ ಮೇ 21ರಂದು. ಜೂನ್ 6ರಂದು ಅದರ ನಿಯಮಗಳು ಹೊರಬಿದ್ದವು. ಅವುಗಳ ಪ್ರಕಾರ, ಆಟದ ಪ್ರಕಾಶಕರು ಒಪ್ಪಿದರೆ ಮಾತ್ರ, ಅದೂ ಈ ವ್ಯವಸ್ಥೆಗೆ ಸೇರಿದ ಅಂಗಡಿಗಳಲ್ಲಿ ಮಾತ್ರ ಹಳೇ ಆಟವನ್ನು ಮರಳಿ ಕೊಡಬಹುದಿತ್ತು. ಗೆಳೆಯನಿಗೆ ಸುಮ್ಮನೆ ಕೊಡುವುದಕ್ಕೂ ಷರತ್ತುಗಳಿದ್ದವು: ಅವನು ನಿಮ್ಮ ಎಕ್ಸ್‌ಬಾಕ್ಸ್ ಗೆಳೆಯರ ಪಟ್ಟಿಯಲ್ಲಿ ಕನಿಷ್ಠ 30 ದಿನ ಇದ್ದಿರಬೇಕು, ಮತ್ತು ಒಂದು ಆಟವನ್ನು ಹೀಗೆ ಒಂದೇ ಸಲ ಕೊಡಬಹುದು. ಎರವಲು ಕೊಡುವುದು, ಬಾಡಿಗೆಗೆ ಕೊಡುವುದು ಆರಂಭದಲ್ಲಿ ಇರುವುದೇ ಇಲ್ಲ ಎಂದಿತ್ತು.

ಇದನ್ನು ಗೋಕುಲ ರಸ್ತೆಯ ಆ ಕೌಂಟರಿನ ಮುಂದಿಟ್ಟು ನೋಡಿ. ಧಾರವಾಡದ ಸುಭಾಸ ರಸ್ತೆಯಲ್ಲಿ ಕೊಂಡ ಕಾದಂಬರಿಯನ್ನು ನಾನು ಓದಿ, ತಂಗಿಗೆ ಕೊಟ್ಟು, ಅವಳು ತನ್ನ ಗೆಳತಿಗೆ ದಾಟಿಸುವಾಗ ನಾವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಆಟದ ಡಿಸ್ಕ್ ಕೂಡ ಅಲ್ಲಿಯವರೆಗೆ ಹೀಗೆಯೇ ಕೈದಾಟುತ್ತಿತ್ತು. ಹೊಸ ನಿಯಮ ಬಂದಿದ್ದರೆ ಕಂಪನಿಯ ವ್ಯವಸ್ಥೆಗೆ ಸೇರದ ಇಂಥ ಸಣ್ಣ ಅಂಗಡಿಯವರು ಡಿಸ್ಕನ್ನು ಬೆಳಕಿಗೆ ಹಿಡಿದು ಬೆಲೆ ಕಟ್ಟುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಗೀರಿಲ್ಲದ ಡಿಸ್ಕ್ ಕೂಡ ಇನ್ನೊಬ್ಬರ ಖಾತೆಯಲ್ಲಿ ನಡೆಯುತ್ತಿರಲಿಲ್ಲ.

ತಪ್ಪು ಕಲ್ಪನೆ 2: ಆಡುವಷ್ಟು ಹೊತ್ತೂ ಇಂಟರ್ನೆಟ್ ಬೇಕಿತ್ತು

ಸತ್ಯ: ಒಬ್ಬರೇ ಆಡುವ ಆಟಕ್ಕೆ ಕ್ಷಣಕ್ಷಣವೂ ಸಂಪರ್ಕ ಬೇಕಿರಲಿಲ್ಲ. ಆದರೆ ನಿಮ್ಮ ಕನ್ಸೋಲ್ 24 ಗಂಟೆಗೊಮ್ಮೆ ಕಂಪನಿಯ ಸರ್ವರಿಗೆ ಹಾಜರಿ ಹಾಕಬೇಕಿತ್ತು. ಬೇರೆಯವರ ಮನೆಯಲ್ಲಿ ನಿಮ್ಮ ಖಾತೆಯಿಂದ ನಿಮ್ಮ ಆಟ ಆಡುವುದಾದರೆ ಗಂಟೆಗೊಮ್ಮೆ. ಹಾಜರಿ ತಪ್ಪಿದರೆ ಸಂಪರ್ಕ ಮರಳುವವರೆಗೆ ಆಟ ಬಂದ್. ಟಿವಿ ನೋಡಬಹುದು, ಸಿನಿಮಾ ಡಿಸ್ಕ್ ಹಾಕಬಹುದು, ಅಷ್ಟೇ.

ದಿನಕ್ಕೊಮ್ಮೆ ತಾನೇ, ಅದೇನು ದೊಡ್ಡದು ಎಂದು ಇವತ್ತಿನ ಫೈಬರ್ ಸಂಪರ್ಕದವರಿಗೆ ಅನ್ನಿಸಬಹುದು. 2013ರಲ್ಲಿ ಬಾಡಿಗೆ ರೂಮಿನಲ್ಲಿದ್ದ ನಮ್ಮ ಹುಡುಗರ ಬಳಿ ಇದ್ದದ್ದು ಡಾಂಗಲ್. ರೀಚಾರ್ಜ್ ಮುಗಿದರೆ ಅಥವಾ ಮಳೆಗಾಲದಲ್ಲಿ ಲೈನು ಕೆಟ್ಟರೆ ದುಡ್ಡು ಕೊಟ್ಟು ತಂದ ಆಟವೂ ನಿಂತುಹೋಗುತ್ತಿತ್ತು. ಸಂಪರ್ಕ ಇಲ್ಲದವರು ಏನು ಮಾಡಬೇಕೆಂಬ ಪ್ರಶ್ನೆಗೆ ಆಗಿನ ಎಕ್ಸ್‌ಬಾಕ್ಸ್ ಮುಖ್ಯಸ್ಥ ಡಾನ್ ಮ್ಯಾಟ್ರಿಕ್, ಅಂಥವರಿಗಾಗಿ ಹಳೆಯ ಎಕ್ಸ್‌ಬಾಕ್ಸ್ 360 ಇದೆ ಎಂಬರ್ಥದ ಉತ್ತರ ಕೊಟ್ಟರು. ನಿಯಮಕ್ಕಿಂತ ಹೆಚ್ಚಾಗಿ ಈ ಉತ್ತರ ಜನರ ಮನಸ್ಸನ್ನು ನೋಯಿಸಿತು.

ತಪ್ಪು ಕಲ್ಪನೆ 3: ಅದು ಅಮೆರಿಕದವರ ಜಗಳ, ನಮಗೆ ಸಂಬಂಧವಿರಲಿಲ್ಲ

ಸತ್ಯ: ನಮಗೇ ಹೆಚ್ಚು ಸಂಬಂಧವಿತ್ತು. ಎಕ್ಸ್‌ಬಾಕ್ಸ್ ಒನ್ ಸೇವೆ ಮೊದಲಿಗೆ 21 ದೇಶಗಳಲ್ಲಿ ಎಂದು ಕಂಪನಿ ಪಟ್ಟಿ ಕೊಟ್ಟಿತ್ತು. ಅದರಲ್ಲಿ ಭಾರತ ಇರಲಿಲ್ಲ. ಹಾಜರಿ ಹಾಕುವ ಸರ್ವರ್ ಸೇವೆಯೇ ಇಲ್ಲದ ದೇಶದಲ್ಲಿ, ಹೊರದೇಶದಿಂದ ನೆಂಟರು ತಂದುಕೊಟ್ಟ ಕನ್ಸೋಲ್ ಕೆಲಸಕ್ಕೆ ಬರುತ್ತಿರಲಿಲ್ಲ. ಪೋಲೆಂಡ್ ಕೂಡ ಆ ಪಟ್ಟಿಯಲ್ಲಿರಲಿಲ್ಲ. 'ದಿ ವಿಚರ್ 3' ಆಟವನ್ನು ಕಟ್ಟುತ್ತಿದ್ದ ಸಿಡಿ ಪ್ರಾಜೆಕ್ಟ್ ರೆಡ್ ಪೋಲೆಂಡಿನದೇ ಕಂಪನಿ. ಅಲ್ಲಿನವರಿಗೆ ತಮ್ಮ ನೆಲದಲ್ಲಿ ತಯಾರಾದ ಆಟವನ್ನೇ ಆ ಕನ್ಸೋಲಿನಲ್ಲಿ ಆಡಲಾಗದ ಸ್ಥಿತಿ ಬರುವುದಿತ್ತು.

ನಿಯಮ ಹಿಂಪಡೆದಾಗ ಈ ಪ್ರಾದೇಶಿಕ ಬೀಗವೂ ಹೋಯಿತು. ಭಾರತದಲ್ಲಿ ಎಕ್ಸ್‌ಬಾಕ್ಸ್ ಒನ್ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2014ರ ಸೆಪ್ಟೆಂಬರ್ 23ರಂದು. ಬೆಲೆ 39,990 ರೂಪಾಯಿ, ಕಿನೆಕ್ಟ್ ಕ್ಯಾಮೆರಾ ಸೇರಿದರೆ 45,990. ಇಷ್ಟು ದುಡ್ಡು ಹಾಕಿದ ಮೇಲೆ ಆಟಗಳನ್ನಾದರೂ ಸೆಕೆಂಡ್ ಹ್ಯಾಂಡ್ ಕೊಳ್ಳುವುದು ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಅನಿವಾರ್ಯ. ಆ ದಾರಿ ತೆರೆದುಕೊಂಡಿದ್ದು 2013ರ ಜೂನ್‌ನಲ್ಲಿ ನಿಯಮ ಹಿಂಪಡೆದ ನಿರ್ಧಾರದಿಂದ.

ತಪ್ಪು ಕಲ್ಪನೆ 4: ಜನ ಬೈದರು, ಅದೊಂದಕ್ಕೇ ಕಂಪನಿ ಮಣಿಯಿತು

ಸತ್ಯ: ಜನರ ಸಿಟ್ಟಿಗೆ ಬಲ ಬಂದದ್ದು ಎದುರಿಗೆ ಇನ್ನೊಂದು ಅಂಗಡಿ ಇದ್ದುದರಿಂದ. ತಾರೀಖುಗಳನ್ನು ಗಮನಿಸಿ. ಜೂನ್ 10ರಂದು ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಸೋನಿಯ ಜಾಕ್ ಟ್ರೆಟನ್, ಪ್ಲೇಸ್ಟೇಷನ್ 4ರಲ್ಲಿ ಹಳೇ ಆಟಗಳಿಗೆ ಹೊಸ ನಿರ್ಬಂಧವಿಲ್ಲ ಎಂದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಸೋನಿ ಒಂದು ಪುಟ್ಟ ವಿಡಿಯೊವನ್ನೂ ಬಿಟ್ಟಿತು. ಆಟವನ್ನು ಗೆಳೆಯನಿಗೆ ಕೊಡುವುದು ಹೇಗೆ ಎಂಬುದು ಅದರ ವಿಷಯ. ಒಬ್ಬರು ಡಿಸ್ಕಿನ ಡಬ್ಬಿ ಚಾಚುತ್ತಾರೆ, ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ, ವಿಡಿಯೊ ಮುಗಿಯಿತು. ಬೆಲೆಯಲ್ಲೂ ಅಂತರ: ಪ್ಲೇಸ್ಟೇಷನ್ 4ಕ್ಕೆ 399 ಡಾಲರ್, ಎಕ್ಸ್‌ಬಾಕ್ಸ್ ಒನ್‌ಗೆ 499. ಇದಾಗಿ ಒಂಬತ್ತೇ ದಿನಕ್ಕೆ, ಜೂನ್ 19ರಂದು, ಮ್ಯಾಟ್ರಿಕ್ ನಿಯಮಗಳನ್ನು ಹಿಂಪಡೆದರು. ಜುಲೈ 1ರಂದು ಅವರು ಕಂಪನಿ ಬಿಟ್ಟು ಜಿಂಗಾ ಸೇರುವ ಸುದ್ದಿ ಬಂತು.

ಕೊಳ್ಳುವವನಿಗೆ ಆಯ್ಕೆ ಇದ್ದಾಗ ಮಾತ್ರ ಅವನ ಬೇಸರಕ್ಕೆ ಬೆಲೆ. ಆ ವರ್ಷ ಎದುರಾಳಿಯೂ ಇದೇ ನಿಯಮ ಹಾಕಿದ್ದರೆ ಕೂಗಿ ಗಂಟಲು ಹರಿದುಕೊಂಡಷ್ಟೇ ಲಾಭವಾಗುತ್ತಿತ್ತೇನೋ.

ತಪ್ಪು ಕಲ್ಪನೆ 5: ಹಿಂಪಡೆದದ್ದರಿಂದ ಆಟಗಾರರಿಗೆ ಬರೀ ಲಾಭ

ಸತ್ಯ: ಒಂದು ಒಳ್ಳೆಯ ಸೌಲಭ್ಯವೂ ಹೋಯಿತು. ಹಳೆಯ ಯೋಜನೆಯಲ್ಲಿ ಡಿಸ್ಕನ್ನು ಒಮ್ಮೆ ಹಾಕಿ ಸೇರಿಸಿಕೊಂಡರೆ ಮತ್ತೆ ಹಾಕುವ ಅಗತ್ಯವಿರಲಿಲ್ಲ. ಮನೆಮಂದಿ ಎಂದು ಗುರುತಿಸಿದ ಹತ್ತು ಜನ, ಎಲ್ಲೇ ಇದ್ದರೂ, ನಿಮ್ಮ ಆಟಗಳ ಸಂಗ್ರಹದಿಂದ ಆಡಬಹುದು ಎಂಬ ಭರವಸೆಯೂ ಇತ್ತು. ಅಣ್ಣ ಬೆಂಗಳೂರಿನಲ್ಲಿ, ತಮ್ಮ ಹುಬ್ಬಳ್ಳಿಯಲ್ಲಿ ಇರುವ ಮನೆಗೆ ಇದು ಉಪಯೋಗದ ಮಾತೇ. ಜೂನ್ 19ರ ನಂತರ ಇವೆರಡೂ ಇಲ್ಲವಾದವು. ಆಡುವಾಗ ಡಿಸ್ಕ್ ಒಳಗಿರಲೇಬೇಕು ಎಂಬ ಹಳೇ ಪದ್ಧತಿ ಮರಳಿತು.

ಇನ್ನೊಂದು ಮುಖ್ಯ ಸಂಗತಿಯನ್ನು ಸಂಭ್ರಮದಲ್ಲಿ ಹೆಚ್ಚಿನವರು ಓದಲೇ ಇಲ್ಲ. ಡೌನ್‌ಲೋಡ್ ಮಾಡಿ ಕೊಂಡ ಆಟಗಳನ್ನು ಹಂಚಿಕೊಳ್ಳಲು, ಮರುಮಾರಾಟ ಮಾಡಲು ಬರುವುದಿಲ್ಲ ಎಂದು ನಿಯಮ ಹಿಂಪಡೆದ ಅದೇ ಪ್ರಕಟಣೆ ಸ್ಪಷ್ಟವಾಗಿ ಹೇಳಿತ್ತು. ಬೀಗ ತೆಗೆದದ್ದು ಡಿಸ್ಕಿಗೆ ಮಾತ್ರ. ಅಂಗಡಿಯಲ್ಲಿ ವಾದಿಸಿದ ಹುಡುಗನಿಗೆ ತಿಳಿಯದೇ ಹೋದದ್ದು ಇದೇ. ಅವನ ಕನ್ಸೋಲಿನಲ್ಲಿ ಡಿಸ್ಕಿನ ಜಾಗವೇ ಇಲ್ಲದ್ದರಿಂದ 2013ರ ಗೆಲುವು ಅವನಿಗೆ ತಲುಪಲೇ ಇಲ್ಲ. ಕೊಳ್ಳುವಾಗ ಕೆಲವು ಸಾವಿರ ಉಳಿಯಿತು ನಿಜ. ಆದರೆ ಅವನು ಹಳೇ ಆಟ ಕೊಳ್ಳುವಂತಿಲ್ಲ, ಆಡಿ ಮುಗಿಸಿದ್ದನ್ನು ಮಾರುವಂತಿಲ್ಲ, ಕಂಪನಿಯ ಒಂದೇ ಅಂಗಡಿಯ ಬೆಲೆಗೆ ಕಟ್ಟುಬಿದ್ದಿರಬೇಕು.

ತಪ್ಪು ಕಲ್ಪನೆ 6: ಡಿಸ್ಕ್ ಕೈಯಲ್ಲಿದ್ದರೆ ಆಟ ಶಾಶ್ವತವಾಗಿ ನನ್ನದು

ಸತ್ಯ: ಪ್ಲಾಸ್ಟಿಕ್ ತಟ್ಟೆ ನಿಮ್ಮದು. ಅದರೊಳಗಿನ ಆಟವನ್ನು ಬಳಸಲು ನಿಮಗಿರುವುದು ಪರವಾನಗಿ. ಯೂಬಿಸಾಫ್ಟ್‌ನ 'ದಿ ಕ್ರ್ಯೂ' ಎಂಬ ಕಾರ್ ರೇಸಿನ ಆಟ 2014ರಲ್ಲಿ ಬಂತು. ಒಬ್ಬರೇ ಆಡಿದರೂ ಸರ್ವರ್ ಸಂಪರ್ಕ ಬೇಕೆನ್ನುವ ಆಟ ಅದು. 2024ರ ಮಾರ್ಚ್ 31ರಂದು ಕಂಪನಿ ಸರ್ವರ್ ಮುಚ್ಚಿತು. ಡಿಸ್ಕ್ ಕೊಂಡವರ ಕೈಯಲ್ಲಿ ಡಿಸ್ಕ್ ಉಳಿಯಿತು, ಆಟ ಉಳಿಯಲಿಲ್ಲ. ಇದರ ಬೆನ್ನಿಗೆ ರಾಸ್ ಸ್ಕಾಟ್ ಎಂಬವರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಭಿಯಾನ ಆರಂಭಿಸಿದರು. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು.

ಡಬ್ಬಿಯೊಳಗೆ ಪೂರ್ತಿ ಆಟವೇ ಇಲ್ಲದಿರುವುದೂ ಉಂಟು. 2025ರ ಜೂನ್ 5ರಂದು ಬಂದ ನಿಂಟೆಂಡೊ ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನಲ್ಲಿ ಆಟದ ಕೀಲಿ ಮಾತ್ರ ಇರುತ್ತದೆ. ಆಟವನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಕಾರ್ಡನ್ನು ಮತ್ತೊಬ್ಬರಿಗೆ ಮಾರಬಹುದು. ಆದರೆ ಇಳಿಸಿಕೊಡುವ ಸರ್ವರ್ ನಿಂತ ದಿನ, ಆಟವನ್ನು ಆಗಲೇ ಇಳಿಸಿಕೊಂಡಿರದವನಿಗೆ ಆ ಕಾರ್ಡಿನಿಂದ ಪ್ರಯೋಜನವಿಲ್ಲ.

ತಪ್ಪು ಕಲ್ಪನೆ 7: ನಾನು ಕೊಂಡ ಡಿಸ್ಕ್, ಬಾಡಿಗೆಗೂ ಬಿಡುತ್ತೇನೆ, ಕೇಳುವವರು ಯಾರು?

ಸತ್ಯ: ಕಾನೂನು ಕೇಳುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮನ್ನು ವ್ಯಾಪಾರಕ್ಕಾಗಿ ಬಾಡಿಗೆ ಕೊಡುವ ಹಕ್ಕು ಹಕ್ಕುದಾರರದು. ಗೆಳೆಯನಿಗೆ ವಾರದ ಮಟ್ಟಿಗೆ ಡಿಸ್ಕ್ ಕೊಡುವುದು ಬೇರೆ, ದಿನಕ್ಕೆ ಇಷ್ಟು ಎಂದು ಬೋರ್ಡ್ ಹಾಕಿ ಬಾಡಿಗೆ ವ್ಯವಹಾರ ಮಾಡುವುದು ಬೇರೆ. ವಿಸಿಆರ್ ಕಾಲದ ಕ್ಯಾಸೆಟ್ ಲೈಬ್ರರಿಗಳನ್ನು ಕಂಡ ನಮಗೆ ಎರಡೂ ಒಂದೇ ಎನ್ನಿಸುವುದು ಸಹಜ. ಆದರೆ ಅಂಗಡಿ ಇಡುವವರು ಈ ವ್ಯತ್ಯಾಸ ತಿಳಿದಿರಲೇಬೇಕು.

ತಪ್ಪು ಕಲ್ಪನೆ 8: "ಬೈ" ಎಂಬ ಗುಂಡಿ ಒತ್ತಿದರೆ ಕೊಂಡ ಹಾಗೆಯೇ

ಸತ್ಯ: ಡಿಜಿಟಲ್ ಅಂಗಡಿಗಳಲ್ಲಿ ಆ ಗುಂಡಿಯ ಹಿಂದೆ ಸಾಮಾನ್ಯವಾಗಿ ಇರುವುದು ಪರವಾನಗಿ ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆಂದೇ ಕಾನೂನು ಮಾಡಿತು. ಅಲ್ಲಿ 2025ರ ಜನವರಿ 1ರಿಂದ, ಗ್ರಾಹಕನಿಗೆ ಸಿಗುವುದು ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ "ಕೊಳ್ಳಿ" ಎಂಬ ಪದ ಬಳಸುವಂತಿಲ್ಲ. ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ಸ್ಟೀಮ್ ಆ ಮೊದಲೇ, 2024ರ ಅಕ್ಟೋಬರಿನಲ್ಲಿ, ಹಣ ಕಟ್ಟುವ ಪುಟದಲ್ಲಿ ಈ ಸೂಚನೆ ಹಾಕಿತು. ಸರಕು ಮತ್ತು ಸೇವೆಯ ಬಗ್ಗೆ ಸರಿಯಾದ ಮಾಹಿತಿ ಪಡೆಯುವುದು ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಗ್ರಾಹಕನ ಹಕ್ಕೇ. ಆ ಹಕ್ಕನ್ನು ನಾವು ಕೇಳಿ ಪಡೆಯುವುದು ರೂಢಿಯಾಗಬೇಕು.

ಕೇಳಿದರೆ ಸಿಗುತ್ತದೆ ಎಂಬುದಕ್ಕೆ 2013 ಒಂದೇ ಸಾಕ್ಷಿಯಲ್ಲ. 2021ರ ಮಾರ್ಚ್‌ನಲ್ಲಿ ಸೋನಿ, ಪ್ಲೇಸ್ಟೇಷನ್ 3 ಮತ್ತು ವೀಟಾದ ಡಿಜಿಟಲ್ ಅಂಗಡಿಗಳನ್ನು ಮುಚ್ಚುವುದಾಗಿ ಹೇಳಿತು. ಆಟಗಾರರು ಬೇಸರ ತೋಡಿಕೊಂಡ ಮೇಲೆ ಏಪ್ರಿಲ್ 19ರಂದು ಆ ನಿರ್ಧಾರ ಬಿಟ್ಟಿತು. ಆದರೆ ಹೀಗೆ ಬಿಟ್ಟುಕೊಟ್ಟದ್ದು ಕಂಪನಿಯ ಮನಸ್ಸು, ನಮ್ಮ ಹಕ್ಕಲ್ಲ. ಮನಸ್ಸು ನಾಳೆ ಬದಲಾಗಬಹುದು.

ಅಂದು ಸಂಜೆ ಆ ಹುಡುಗ ಬರಿಗೈಲಿ ಹೋದ. ಮಕ್ಕಳಿಗೆ ಕನ್ಸೋಲ್ ಕೊಡಿಸುವ ತಂದೆತಾಯಿಗಳಲ್ಲಿ, ಕೂಡಿಟ್ಟ ದುಡ್ಡಿನಲ್ಲಿ ಕೊಳ್ಳುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಹಣ ಕೊಡುವ ಮುಂಚೆ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ: ಇದಕ್ಕೆ ಡಿಸ್ಕ್ ಹಾಕಲು ಬರುತ್ತದೆಯೇ? ಈ ಆಟ ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ? ಮುಗಿಸಿದ ಮೇಲೆ ಇದನ್ನು ಇನ್ನೊಬ್ಬರಿಗೆ ಕೊಡಬಹುದೇ? ಮೂರಕ್ಕೂ ಹೌದೆಂದರೆ ನೆಮ್ಮದಿಯಿಂದ ಕೊಳ್ಳಿ. ಒಂದಕ್ಕಾದರೂ ಇಲ್ಲವೆಂದರೆ, ಕೊಡುತ್ತಿರುವ ದುಡ್ಡು ಆಟಕ್ಕಲ್ಲ, ಆಡುವ ಅಪ್ಪಣೆಗೆ ಎಂದು ತಿಳಿದುಕೊಂಡೇ ಕೊಡಿ.