ನಿಸ್ತಂತು ಕೀಲಿಮಣೆ: ಕೊಳ್ಳುವ ಮುನ್ನ ಒಂದಿಷ್ಟು ಯೋಚಿಸಿ

ಚಾಮರಾಜನಗರ: ವಿಜಯನಗರದ ಕೃಷ್ಣದೇವರಾಯನಿಗೆ ಎದುರಾಗಿ ನಿಂತ ಪಾಳೆಯಗಾರರ ನೆಲೆಯೆಂದು ಇತಿಹಾಸದಲ್ಲಿ ಹೆಸರಾದ ಊರು ಉಮ್ಮತ್ತೂರು. ಇಂದು ಅಲ್ಲಿಯ ರೈತರಿಗೂ, ಜಿಲ್ಲೆಯ ಇತರ ಹಳ್ಳಿಗಳ ಜನರಿಗೂ ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ, ಬೆಳೆ ವಿಮೆಯಂತಹ ಕೆಲಸಗಳು ಗಣಕಯಂತ್ರದ ಮೂಲಕವೇ ಆಗಬೇಕು. ಅರ್ಜಿದಾರರು ಬಾಯಲ್ಲಿ ಹೇಳುತ್ತಾರೆ, ಮೇಜಿನಾಚೆ ಕುಳಿತವರು ಕೀಲಿಮಣೆಯಲ್ಲಿ ಒತ್ತುತ್ತಾರೆ. ಆಧಾರ್‌ನ 12 ಅಂಕಿಗಳು, ಬ್ಯಾಂಕ್ ಖಾತೆಯ ಸಂಖ್ಯೆ, ಮೊಬೈಲಿಗೆ ಬಂದ ಒಟಿಪಿ ಎಲ್ಲವೂ ಹೀಗೆಯೇ ಯಂತ್ರವನ್ನು ಸೇರುತ್ತವೆ.

ಆ ಕೀಲಿಮಣೆಗೆ ತಂತಿ ಇಲ್ಲದಿದ್ದರೆ, ಒತ್ತಿದ ಪ್ರತಿಯೊಂದು ಅಕ್ಷರವೂ ರೇಡಿಯೋ ಅಲೆಯಾಗಿ ಗಾಳಿಯಲ್ಲಿ ಸಾಗುತ್ತದೆ. ಅದನ್ನು ದೂರದಲ್ಲಿ ಕುಳಿತ ಮತ್ತೊಬ್ಬರು ಕದ್ದು ಕೇಳಲು ಸಾಧ್ಯವೇ? ಕೆಲವು ಕೀಲಿಮಣೆಗಳಲ್ಲಿ ಖಂಡಿತವಾಗಿ ಸಾಧ್ಯ. ಯಾವುದರಲ್ಲಿ ಸಾಧ್ಯ, ಯಾವುದರಲ್ಲಿ ಕಷ್ಟ ಎಂಬುದನ್ನು ಕೊಳ್ಳುವವರು ತಿಳಿದಿರುವುದು ಒಳಿತು.

ಮೂರು ಬಗೆಗಳು

ನಿಸ್ತಂತು ಕೀಲಿಮಣೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು 27 ಮೆಗಾಹರ್ಟ್ಸ್ ತರಂಗಾಂತರದ ಹಳೆಯ ಮಾದರಿ. ಇದು ಈಗ ಹಳೆಯ ಸಾಮಾನುಗಳ ಅಂಗಡಿಯಲ್ಲಿ ಸಿಕ್ಕರೆ ಉಂಟು. ಎರಡನೆಯದು 2.4 ಗಿಗಾಹರ್ಟ್ಸ್ ಮಾದರಿ. ಇದರೊಂದಿಗೆ ಡಾಂಗಲ್ ಎಂಬ ಪುಟ್ಟ ಗ್ರಾಹಕ ಬರುತ್ತದೆ. ಅದನ್ನು ಗಣಕದ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಸಾಕು, ಕೆಲಸ ಆರಂಭ. ಮೂರನೆಯದು ಬ್ಲೂಟೂತ್. ಲ್ಯಾಪ್‌ಟಾಪ್, ಮೊಬೈಲ್‌ಗಳಲ್ಲಿ ಈ ಸೌಲಭ್ಯ ಮೊದಲೇ ಇರುವುದರಿಂದ ಸಾಮಾನ್ಯವಾಗಿ ಪ್ರತ್ಯೇಕ ಡಾಂಗಲ್ ಬೇಕಾಗುವುದಿಲ್ಲ.

ಭದ್ರತೆಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಒಂದೇ. ಕೀಲಿಮಣೆಯು ಅಕ್ಷರವನ್ನು ಇದ್ದಂತೆಯೇ ಕಳುಹಿಸುತ್ತದೆಯೇ, ಅಥವಾ ಗೂಢಲಿಪಿಗೆ ಬದಲಿಸಿ ಕಳುಹಿಸುತ್ತದೆಯೇ? ಮೊದಲನೆಯದು ಅಂಚೆ ಕಾರ್ಡಿನಂತೆ, ಕೈಗೆ ಸಿಕ್ಕವರೆಲ್ಲ ಓದಬಹುದು. ಎರಡನೆಯದು ಬೀಗ ಹಾಕಿದ ಪೆಟ್ಟಿಗೆಯಂತೆ. ಇದನ್ನೇ ಎನ್‌ಕ್ರಿಪ್ಷನ್ ಎನ್ನುತ್ತಾರೆ. ಇಂದು ಹೆಚ್ಚು ವಿಶ್ವಾಸಾರ್ಹವೆಂದು ಪರಿಗಣಿತವಾದ ವಿಧಾನದ ಹೆಸರು ಎಇಎಸ್.

ಬಯಲಾದ ದೋಷಗಳು

ಇದು ಬರಿಯ ಊಹೆಯಲ್ಲ. ಸ್ವಿಟ್ಜರ್ಲೆಂಡಿನ ಡ್ರೀಮ್‌ಲ್ಯಾಬ್ ಸಂಸ್ಥೆಯ ತಜ್ಞರು 2007ರಲ್ಲಿ ಮೈಕ್ರೋಸಾಫ್ಟ್‌ನ 27 ಮೆಗಾಹರ್ಟ್ಸ್ ಕೀಲಿಮಣೆಗಳ ಗೂಢಲಿಪಿಯನ್ನು ಭೇದಿಸಿ ತೋರಿಸಿದರು. ಅದರ ಬೀಗಕ್ಕೆ ಇದ್ದ ಸಾಧ್ಯತೆಗಳು ಕೇವಲ 256. ಗಣಕಯಂತ್ರಕ್ಕೆ ಅಷ್ಟನ್ನೂ ಪರೀಕ್ಷಿಸುವುದು ಕ್ಷಣದ ಕೆಲಸ.

2015ರ ಜನವರಿಯಲ್ಲಿ ಅಮೆರಿಕದ ಸಂಶೋಧಕ ಸ್ಯಾಮಿ ಕಾಮ್ಕರ್ 'ಕೀಸ್ವೀಪರ್' ಎಂಬ ಸಾಧನವನ್ನು ಪ್ರದರ್ಶಿಸಿದರು. ನೋಡಲು ಗೋಡೆಗೆ ಸಿಕ್ಕಿಸುವ ಸಾಮಾನ್ಯ ಮೊಬೈಲ್ ಚಾರ್ಜರ್. ಒಳಗೆ ಮಾತ್ರ ಸಮೀಪದ ಕೆಲವು ನಿಸ್ತಂತು ಕೀಲಿಮಣೆಗಳಲ್ಲಿ ಒತ್ತಿದ್ದನ್ನೆಲ್ಲ ಸಂಗ್ರಹಿಸುವ ವ್ಯವಸ್ಥೆ! ಅಲ್ಲಿಯ ತನಿಖಾ ಸಂಸ್ಥೆ ಎಫ್‌ಬಿಐ 2016ರ ಏಪ್ರಿಲ್‌ನಲ್ಲಿ ಈ ಬಗ್ಗೆ ಉದ್ಯಮಗಳಿಗೆ ಎಚ್ಚರಿಕೆ ನೀಡಿತು.

ಅದೇ 2016ರಲ್ಲಿ ಬ್ಯಾಸ್ಟಿಲ್ ಎಂಬ ಸಂಸ್ಥೆ ಎರಡು ದೋಷಗಳನ್ನು ಹೊರಗೆಡವಿತು. 'ಕೀಸ್ನಿಫರ್' ಎಂದು ಹೆಸರಿಸಿದ ದೋಷದ ಪ್ರಕಾರ, ಎಂಟು ತಯಾರಕರ ಅಗ್ಗದ 2.4 ಗಿಗಾಹರ್ಟ್ಸ್ ಕೀಲಿಮಣೆಗಳು ಯಾವ ಗೂಢಲಿಪಿಯೂ ಇಲ್ಲದೆ ಅಕ್ಷರಗಳನ್ನು ಕಳುಹಿಸುತ್ತಿದ್ದವು. ಸುಮಾರು 250 ಅಡಿ ದೂರದಿಂದಲೂ ಅವುಗಳನ್ನು ಓದಬಹುದಾಗಿತ್ತು. 'ಮೌಸ್‌ಜ್ಯಾಕ್' ಎಂಬ ಇನ್ನೊಂದು ದೋಷ ಇದಕ್ಕಿಂತ ಭಿನ್ನ. ಇಲ್ಲಿ ಕಳ್ಳನು ಕದ್ದು ಕೇಳುವುದಿಲ್ಲ. ನಿಸ್ತಂತು ಮೌಸಿನ ಡಾಂಗಲ್‌ಗೆ ಸುಳ್ಳು ಸಂಕೇತ ಕಳುಹಿಸಿ, ಯಾರೂ ಒತ್ತದ ಕೀಲಿಗಳನ್ನು ಒತ್ತಿದಂತೆ ಗಣಕವನ್ನು ನಂಬಿಸುತ್ತಾನೆ. ಎಂದರೆ, ಕೀಲಿಮಣೆಗೆ ತಂತಿಯಿದ್ದು ಮೌಸಿಗೆ ಇಲ್ಲದಿದ್ದರೂ ಅಪಾಯ ತಪ್ಪಿದ್ದಲ್ಲ.

ಬ್ಲೂಟೂತ್ ಕೂಡ ಸಂಪೂರ್ಣ ನಿರ್ದೋಷಿಯಲ್ಲ. ಮೌಸ್‌ಜ್ಯಾಕ್ ಪತ್ತೆ ಮಾಡಿದ ಮಾರ್ಕ್ ನ್ಯೂಲಿನ್ ಅವರೇ 2023ರ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್, ಲಿನಕ್ಸ್, ಆಪಲ್ ಉಪಕರಣಗಳಲ್ಲಿ ಇಂತಹುದೇ ಲೋಪವನ್ನು ಬಹಿರಂಗಪಡಿಸಿದರು. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದೇ ಇದಕ್ಕೆ ಪರಿಹಾರ. ಹಲವು ವರ್ಷಗಳಿಂದ ನವೀಕರಣವನ್ನೇ ಕಾಣದ ಹಳೆಯ ಮೊಬೈಲುಗಳಿಗೆ ಅಪಾಯ ಹೆಚ್ಚು.

ಕನ್ನಡದಲ್ಲಿ ಟೈಪಿಸಿದರೆ?

ಕನ್ನಡದಲ್ಲಿ ಬರೆದದ್ದು ಕಳ್ಳರಿಗೆ ಅರ್ಥವಾಗದು ಎಂದು ಕೆಲವರು ಭಾವಿಸಬಹುದು. ಇದು ತಪ್ಪು ತಿಳಿವಳಿಕೆ. ಕೀಲಿಮಣೆಗೆ ಭಾಷೆಯೇ ತಿಳಿಯದು. ಯಾವ ಕೀಲಿಯನ್ನು ಒತ್ತಲಾಯಿತು ಎಂಬ ಸಂಖ್ಯೆಯನ್ನಷ್ಟೇ ಅದು ಕಳುಹಿಸುತ್ತದೆ. ಅದನ್ನು ಕನ್ನಡವಾಗಿಸುವುದು ಗಣಕದೊಳಗಿನ ತಂತ್ರಾಂಶ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸದಲ್ಲಿ ಇಂಗ್ಲಿಷಿನ 'ಕೆ' ಕೀಲಿಗೆ 'ಕ' ಬರುತ್ತದೆ. ಹೀಗಾಗಿ ಕದ್ದ ಸಂಖ್ಯೆಗಳಿಂದ ಕನ್ನಡದ ಪದವನ್ನು ಮರಳಿ ಪಡೆಯುವುದು ಕಷ್ಟವಲ್ಲ. ಅಲ್ಲದೆ ಆಧಾರ್ ಸಂಖ್ಯೆ, ಒಟಿಪಿಗಳು ಯಾವ ಭಾಷೆಯಲ್ಲಾದರೂ ಅಂಕಿಗಳೇ ತಾನೇ? ಇದರಿಂದ ಒಂದು ಅನುಕೂಲವೂ ಉಂಟು. ಕನ್ನಡಕ್ಕಾಗಿ ಪ್ರತ್ಯೇಕ ಕೀಲಿಮಣೆ ಕೊಳ್ಳಬೇಕಾಗಿಲ್ಲ.

ಭಯ ಎಷ್ಟು, ಎಚ್ಚರ ಎಷ್ಟು?

ಈ ಅಪಾಯವನ್ನು ಹಿಗ್ಗಿಸಿ ನೋಡುವುದೂ ಸರಿಯಲ್ಲ. ಕೀಲಿಮಣೆಯನ್ನು ಕದ್ದು ಕೇಳಬೇಕಾದರೆ ಕಳ್ಳನು ಸಮೀಪದಲ್ಲೇ ಇರಬೇಕು ಅಥವಾ ಅಲ್ಲೊಂದು ಸಾಧನವನ್ನು ಇಟ್ಟು ಹೋಗಬೇಕು. ದೂರವಾಣಿ ಕರೆ ಮಾಡಿ ಒಟಿಪಿ ಕೇಳುವ ವಂಚಕನಿಗೆ ಈ ಯಾವ ಶ್ರಮವೂ ಇಲ್ಲ. ಮನೆಯಲ್ಲಿ ಮಕ್ಕಳ ಪಾಠಕ್ಕೋ ಪತ್ರ ಬರೆಯುವುದಕ್ಕೋ ಗಣಕ ಬಳಸುವವರು ನಿಸ್ತಂತು ಕೀಲಿಮಣೆಗೆ ಹೆದರಬೇಕಿಲ್ಲ.

ಆದರೆ ಗ್ರಾಮ ಒನ್ ಕೇಂದ್ರ, ಸಹಕಾರ ಸಂಘ, ಸೈಬರ್ ಕೆಫೆ, ಲೆಕ್ಕಪರಿಶೋಧಕರ ಕಚೇರಿಗಳ ಮಾತು ಬೇರೆ. ಅಲ್ಲಿ ದಿನವಿಡೀ ಒತ್ತುವುದು ಪರರ ಗುಟ್ಟನ್ನು. ಕೀಲಿಮಣೆಯನ್ನು ಆರಿಸುವವರು ಒಬ್ಬರು, ನಷ್ಟ ಅನುಭವಿಸುವವರು ಮತ್ತೊಬ್ಬರು. ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಗಣಕೀಕರಿಸಿದಾಗಲೂ ಸಿಬ್ಬಂದಿಗೆ ಪಾಸ್‌ವರ್ಡ್ ಒಂದನ್ನೇ ನೆಚ್ಚದೆ ಬೆರಳಚ್ಚಿನ ವ್ಯವಸ್ಥೆ ಮಾಡಲಾಗಿತ್ತು. ಇಂತಹ ಮೇಜಿನ ಮೇಲೆ ತಂತಿಯ ಕೀಲಿಮಣೆ ಮತ್ತು ತಂತಿಯ ಮೌಸ್ ಇರುವುದೇ ಲೇಸು. ಬೆಲೆಯೂ ಕಡಿಮೆ, ಬ್ಯಾಟರಿಯ ಖರ್ಚೂ ಇಲ್ಲ.

ಕೊಳ್ಳುವಾಗ ಗಮನಿಸಿ

* ಪೆಟ್ಟಿಗೆಯ ಮೇಲೆ '128 ಬಿಟ್ ಎಇಎಸ್' ಎಂಬ ಉಲ್ಲೇಖವಿದೆಯೇ ನೋಡಿ. ಬರಿದೆ '2.4 ಗಿಗಾಹರ್ಟ್ಸ್' ಎಂದಷ್ಟೇ ಇದ್ದರೆ ಗೂಢಲಿಪಿ ಇಲ್ಲವೆಂದೇ ಭಾವಿಸುವುದು ಕ್ಷೇಮ.

* 'ವ್ಯಾಪ್ತಿ 10 ಮೀಟರ್' ಎಂಬ ಮಾತನ್ನು ರಕ್ಷಣೆಯೆಂದು ತಿಳಿಯಬೇಡಿ. ಅದು ಆ ಡಾಂಗಲ್‌ನ ಮಿತಿ. ಶಕ್ತಿಯುತ ಆಂಟೆನಾ ಇದ್ದವರಿಗೆ ಇನ್ನೂ ದೂರದಿಂದ ಕೇಳಿಸುತ್ತದೆ.

* ಬ್ಲೂಟೂತ್ ಆದರೆ, ಜೋಡಿಸುವಾಗ ಪರದೆಯ ಮೇಲೆ ಕಾಣುವ ಆರು ಅಂಕಿಗಳನ್ನು ಕೀಲಿಮಣೆಯಲ್ಲಿ ಒತ್ತಲು ಹೇಳುವ ಮಾದರಿ ಉತ್ತಮ. ಜೋಡಣೆಯನ್ನು ಮನೆಯಲ್ಲೇ ಮಾಡಿ, ಜನಸಂದಣಿಯಲ್ಲಿ ಬೇಡ.

* ತಯಾರಕರು ಡಾಂಗಲ್‌ನ ತಂತ್ರಾಂಶಕ್ಕೆ ನವೀಕರಣ ಒದಗಿಸುತ್ತಾರೆಯೇ ವಿಚಾರಿಸಿ. ನವೀಕರಿಸಲಾಗದ ಡಾಂಗಲ್‌ನಲ್ಲಿ ದೋಷ ಕಂಡುಬಂದರೆ ಅದನ್ನು ಬದಲಿಸುವುದೊಂದೇ ದಾರಿ.

ತಂತಿ ಇದ್ದ ಮಾತ್ರಕ್ಕೆ ಮೈಮರೆಯುವಂತಿಲ್ಲ. ಕೀಲಿಮಣೆಯ ತಂತಿಗೂ ಗಣಕಕ್ಕೂ ನಡುವೆ ಹೆಬ್ಬೆರಳಿನಷ್ಟು ಗಾತ್ರದ ಅಪರಿಚಿತ ತುಂಡೊಂದು ಇದ್ದರೆ ಅದು ಒತ್ತಿದ್ದನ್ನು ದಾಖಲಿಸುವ ಕೀಲಾಗರ್ ಆಗಿರಬಹುದು. ವಾರಕ್ಕೊಮ್ಮೆ ಗಣಕದ ಹಿಂಬದಿಯನ್ನು, ಗೋಡೆಯಲ್ಲಿ ಯಾರದೆಂದು ತಿಳಿಯದ ಚಾರ್ಜರ್ ಉಳಿದಿದೆಯೇ ಎಂಬುದನ್ನು ನೋಡುವುದು ಒಳ್ಳೆಯ ಅಭ್ಯಾಸ.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ 66ನೇ ಕಲಂ ಪ್ರಕಾರ ಇಂತಹ ಕಳ್ಳತನಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಸೇವಾ ಕೇಂದ್ರಕ್ಕೆ ಹೋದಾಗ ಮೇಜಿನ ಮೇಲಿನ ಕೀಲಿಮಣೆಗೆ ತಂತಿಯಿದೆಯೇ ಎಂದು ಕೇಳುವ ಹಕ್ಕೂ ಅರ್ಜಿದಾರರಿಗೆ ಇದೆ. ಕೇಳಲು ಸಂಕೋಚಪಡಬೇಕಾಗಿಲ್ಲ.